ಡಿಸ್ಕ್ ಅಡಾಪ್ಟರ್‌ಗೆ ವಿಳಾಸ ಕೊಡುವವರು ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೋರೇಜ್ ಡ್ರೈವರ್‌ಗಳ, ಅಂದರೆ ಡಿಸ್ಕ್ ಕಂಟ್ರೋಲರನ್ನು ನಡೆಸುವ ಸಾಫ್ಟ್‌ವೇರ್‌ನ, ಮಾತು ಬಂದಾಗಲೆಲ್ಲ ಒಂದಷ್ಟು ಪ್ರಶ್ನೆಗಳು ತಪ್ಪದೆ ಬರುತ್ತವೆ. ಕೆಲವು ಓದುತ್ತಿರುವ ಹುಡುಗ ಹುಡುಗಿಯರದು, ಕೆಲವು ಸರ್ವರ್ ನೋಡಿಕೊಳ್ಳುವವರದು, ಇನ್ನು ಕೆಲವು ಮೊದಲ ಸಲ ಡ್ರೈವರ್ ಬರೆಯಲು ಕೂತವರದು. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ವಿಳಾಸ’ ಎನ್ನುವ ಒಂದೇ ಪದವನ್ನು ನಾವು ನಾಲ್ಕೈದು ಬೇರೆ ಬೇರೆ ಸಂಗತಿಗಳಿಗೆ ಬಳಸುತ್ತೇವೆ. ನಾನು ಕಂಡ ಗೊಂದಲಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅಲ್ಲೇ. ಯಾವ ವಿಳಾಸ, ಅದನ್ನು ಯಾರು ಕೊಟ್ಟರು ಎಂದು ಮೊದಲು ಕೇಳಿಕೊಳ್ಳಿ.

## ಶುರುವಿನ ಪ್ರಶ್ನೆಗಳು

ಅಡಾಪ್ಟರ್ ಅಂದ್ರೆ ಡಿಸ್ಕೇ ಅಲ್ವಾ? ಎರಡಕ್ಕೂ ಬೇರೆ ಬೇರೆ ವಿಳಾಸ ಯಾಕೆ?

ಅಲ್ಲ. ಡಿಸ್ಕ್ ಡೇಟಾ ಇಟ್ಟುಕೊಳ್ಳುತ್ತದೆ. ಅದನ್ನು ಕಂಪ್ಯೂಟರಿನ ಬಸ್‌ಗೆ, ಅಂದರೆ ಭಾಗಗಳ ನಡುವೆ ಡೇಟಾ ಓಡಾಡುವ ದಾರಿಗೆ, ಜೋಡಿಸುವ ಕಂಟ್ರೋಲರ್‌ಗೆ ಅಡಾಪ್ಟರ್ ಎನ್ನುತ್ತೇವೆ. ಸಾಟಾ (ಡಿಸ್ಕ್ ಜೋಡಿಸುವ ಒಂದು ಬಗೆ) ಅಡಾಪ್ಟರ್ ಸಾಮಾನ್ಯವಾಗಿ ಮದರ್‌ಬೋರ್ಡಿನ ಚಿಪ್‌ಸೆಟ್ ಒಳಗೇ ಇರುತ್ತದೆ. ಸರ್ವರ್‌ಗಳಲ್ಲಿ ಅದು ಬೇರೆ ಕಾರ್ಡ್ ಆಗಿಯೂ ಬರುತ್ತದೆ. ಅಂಥದ್ದನ್ನು ಎಚ್‌ಬಿಎ (ಹೋಸ್ಟ್ ಬಸ್ ಅಡಾಪ್ಟರ್) ಎಂದು ಕರೆಯುವುದು ರೂಢಿ. ಎನ್‌ವಿಎಂಇ, ಅಂದರೆ ನೇರವಾಗಿ ಪಿಸಿಐ ಎಕ್ಸ್‌ಪ್ರೆಸ್ ಬಸ್‌ಗೆ ಜೋಡಿಸುವ ಬಗೆಯ, ಎಸ್‌ಎಸ್‌ಡಿಯಲ್ಲಿ ಕಂಟ್ರೋಲರ್ ಮತ್ತು ಫ್ಲ್ಯಾಶ್ ಎರಡೂ ಒಂದೇ ಪುಟ್ಟ ಬೋರ್ಡಿನ ಮೇಲೆ ಕೂತಿರುತ್ತವೆ. ಹಾಗಾಗಿ ಎರಡೂ ಒಂದೇ ಎನ್ನುವ ಭಾವನೆ ಬರುತ್ತದೆ.

ಪ್ರೊಸೆಸರ್ ಮಾತಾಡುವುದು ಅಡಾಪ್ಟರ್ ಜೊತೆ. ಅಡಾಪ್ಟರ್ ಮಾತಾಡುವುದು ಡಿಸ್ಕ್ ಜೊತೆ. ಎರಡು ಸಂಭಾಷಣೆ ಇದ್ದಮೇಲೆ ವಿಳಾಸವೂ ಎರಡು ಬಗೆ. ಈ ಪುಟದ ಹೆಚ್ಚಿನ ಭಾಗ ಮೊದಲನೆಯದರ ಬಗ್ಗೆ.

ಅಡಾಪ್ಟರ್‌ನ ‘ಹಾರ್ಡ್‌ವೇರ್ ವಿಳಾಸ’ ಅಂದ್ರೆ ನಿಜವಾಗಿ ಏನು?

ಅಡಾಪ್ಟರ್ ಒಳಗೆ ರಿಜಿಸ್ಟರ್ ಎನ್ನುವ ಪುಟ್ಟ ಪುಟ್ಟ ಖಾನೆಗಳಿವೆ. ಒಂದಕ್ಕೆ ಬರೆದರೆ ಕೆಲಸ ಶುರುವಾಗುತ್ತದೆ, ಇನ್ನೊಂದನ್ನು ಓದಿದರೆ ಕೆಲಸ ಮುಗಿಯಿತೋ ಇಲ್ಲವೋ ತಿಳಿಯುತ್ತದೆ. ಪ್ರೊಸೆಸರ್ ಈ ಖಾನೆಗಳನ್ನು ಮುಟ್ಟಬೇಕಾದರೆ ಅವು ಯಾವುದಾದರೂ ಸಂಖ್ಯೆಯಲ್ಲಿ ಕಾಣಿಸಬೇಕು. ಆ ಸಂಖ್ಯೆಯೇ ವಿಳಾಸ.

ಇದಕ್ಕೆ ಎರಡು ದಾರಿ ಇದೆ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಐಒ ಪೋರ್ಟ್ ಎಂಬ ಪ್ರತ್ಯೇಕ ಸಾಲಿದೆ. ಒಟ್ಟು 65,536 ಪೋರ್ಟ್‌ಗಳು, ಅಷ್ಟೇ. ಎರಡನೆಯ ದಾರಿಯಲ್ಲಿ ರಿಜಿಸ್ಟರ್‌ಗಳು ಮೆಮೊರಿಯ ವಿಳಾಸಗಳ ನಡುವೆಯೇ ಕಾಣಿಸಿಕೊಳ್ಳುತ್ತವೆ. ಆ ವಿಳಾಸಕ್ಕೆ ಬರೆದದ್ದು ರ‍್ಯಾಮ್‌ಗೆ ಹೋಗುವುದಿಲ್ಲ, ಕಾರ್ಡಿಗೆ ಹೋಗುತ್ತದೆ. ಇಂದಿನ ಅಡಾಪ್ಟರ್‌ಗಳು ಮುಖ್ಯವಾಗಿ ಈ ದಾರಿಯನ್ನೇ ಬಳಸುತ್ತವೆ.

ವಿಳಾಸ ಹಂಚೋದು ಡ್ರೈವರೇ ತಾನೆ?

ಬಹುತೇಕ ಇಲ್ಲ, ಮತ್ತು ಜಾಸ್ತಿ ಜನ ತಪ್ಪು ತಿಳಿದಿರುವುದು ಇದನ್ನೇ. ಅಡಾಪ್ಟರ್ ಡ್ರೈವರ್ ತನ್ನ ಒಂದು ಕಾರ್ಡನ್ನು ಮಾತ್ರ ಬಲ್ಲದು. ಪಕ್ಕದ ಗ್ರಾಫಿಕ್ಸ್ ಕಾರ್ಡ್ ಎಲ್ಲಿ ಕೂತಿದೆ, ರ‍್ಯಾಮ್ ಎಲ್ಲಿಗೆ ಮುಗಿಯುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಇಡೀ ಊರಿನ ನಕ್ಷೆ ನೋಡದವರು ಸೈಟ್ ಹಂಚುವುದು ಹೇಗೆ?

ಹಂಚುವ ಕೆಲಸ ಇಬ್ಬರದು. ಕಂಪ್ಯೂಟರ್ ಆನ್ ಆದ ತಕ್ಷಣ ಬಯೋಸ್ ಅಥವಾ ಯುಇಎಫ್‌ಐ ಫರ್ಮ್‌ವೇರ್ ಮೊದಲ ಸುತ್ತು ಹಂಚುತ್ತದೆ. ಆಮೇಲೆ ಆಪರೇಟಿಂಗ್ ಸಿಸ್ಟಂನಲ್ಲಿ ಬಸ್ ನೋಡಿಕೊಳ್ಳುವ ಭಾಗ ಅದನ್ನು ಪರಿಶೀಲಿಸುತ್ತದೆ. ಸರಿ ಇದ್ದರೆ ಹಾಗೇ ಬಿಡುತ್ತದೆ. ಬಿಟ್ಟುಹೋಗಿದ್ದರೆ ಅಥವಾ ಒಂದರ ಮೇಲೊಂದು ಬಿದ್ದಿದ್ದರೆ ಸರಿಪಡಿಸುತ್ತದೆ. ಅಡಾಪ್ಟರ್ ಡ್ರೈವರ್ ಬರುವುದು ಕೊನೆಗೆ. ‘ನನ್ನ ಕಾರ್ಡಿಗೆ ಸಿಕ್ಕ ಜಾಗ ಯಾವುದು’ ಎಂದು ಕೇಳಿ, ಅದನ್ನು ತನ್ನ ಹೆಸರಿಗೆ ಬರೆಸಿಕೊಂಡು ಕೆಲಸ ಶುರು ಮಾಡುತ್ತದೆ. ಡ್ರೈವರ್ ತಾನೇ ವಿಳಾಸ ಕೊಡುವ ಸಂದರ್ಭವೂ ಒಂದಿದೆ, ಆದರೆ ಅಲ್ಲಿ ದಿಕ್ಕು ತಿರುಗುಮುರುಗು. ಅದು ಡಿಎಂಎ (ಕಾರ್ಡ್ ತಾನೇ ಮೆಮೊರಿಯನ್ನು ಓದಿ ಬರೆಯುವ ವಿಧಾನ) ಪ್ರಶ್ನೆಯಲ್ಲಿ ಬರುತ್ತದೆ.

ಮೊದಲೆಲ್ಲ ಕಾರ್ಡಿನ ಮೇಲೆ ಜಂಪರ್ ಕೂರಿಸಿ ವಿಳಾಸ ಕೊಡ್ತಿದ್ರು ಅಂತಾರೆ, ನಿಜಾನಾ?

ನಿಜ. ಐಎಸ್‌ಎ ಎಂಬ ಹಳೆಯ ಬಸ್ ಇದ್ದ ಕಾಲದಲ್ಲಿ ಜಂಪರ್ ಎಂಬ, ಪಿನ್‌ಗಳನ್ನು ಜೋಡಿಸುವ ಪುಟ್ಟ ತುಂಡನ್ನು ಕೂರಿಸಿ ವಿಳಾಸ ಕೊಡುತ್ತಿದ್ದದ್ದು ಮನುಷ್ಯನ ಬೆರಳು. ಆಗ ಮನೆಮಾತಾಗಿದ್ದ ಅಡಾಪ್ಟೆಕ್ 1542 ಸ್ಕಸಿ (ಡಿಸ್ಕ್ ಜೋಡಿಸುವ ಹಳೆಯ ಬಗೆ) ಕಾರ್ಡನ್ನೇ ನೋಡಿ. ಪೋರ್ಟ್ ವಿಳಾಸಕ್ಕೆ ಅದರಲ್ಲಿ ಆರು ಆಯ್ಕೆ ಇತ್ತು. ಕಾರ್ಖಾನೆಯಿಂದ ಬರುವಾಗ ಹೆಕ್ಸ್ (16ರ ಎಣಿಕೆ, ಅದರಲ್ಲಿ 10ರಿಂದ 15ಕ್ಕೆ ಎಯಿಂದ ಎಫ್‌ವರೆಗಿನ ಅಕ್ಷರ) ಲೆಕ್ಕದಲ್ಲಿ 330ಕ್ಕೆ ಇಟ್ಟಿರುತ್ತಿದ್ದರು. ಸೌಂಡ್ ಕಾರ್ಡುಗಳ ಮಿಡಿ ಪೋರ್ಟ್ ಕೂಡ ರೂಢಿಯಲ್ಲಿ ಅದೇ 330! ಎರಡೂ ಒಂದೇ ಯಂತ್ರದಲ್ಲಿದ್ದರೆ ಯಾವುದಾದರೂ ಒಂದರ ಜಂಪರ್ ಬದಲಿಸಲೇಬೇಕಿತ್ತು.

ಡ್ರೈವರ್‌ಗೆ ಆ ಜಂಪರ್ ಕಾಣುವುದಿಲ್ಲ. ಹಾಗಾಗಿ ಅದು ಆರೂ ಬಾಗಿಲು ತಟ್ಟಿ, ಯಾವುದರಿಂದ ತನ್ನ ಕಾರ್ಡಿನ ಗುರುತಿನ ಉತ್ತರ ಬರುತ್ತದೋ ನೋಡುತ್ತಿತ್ತು. ತಟ್ಟುವುದೂ ಅಪಾಯವೇ. ಆ ವಿಳಾಸದಲ್ಲಿ ಬೇರೆ ಕಾರ್ಡ್ ಇದ್ದರೆ ಅದು ಗಲಿಬಿಲಿಯಾಗಿ ಇಡೀ ಯಂತ್ರವೇ ನಿಂತುಬಿಡಬಹುದಿತ್ತು. ಲಿನಕ್ಸ್‌ನಲ್ಲಿ ‘ಈ ಪೋರ್ಟ್‌ಗಳನ್ನು ತಟ್ಟಬೇಡ’ ಎಂದು ಬೂಟ್ ಆಗುವಾಗಲೇ ಹೇಳಲು ರಿಸರ್ವ್ ಎಂಬ ಆಯ್ಕೆ ಇಟ್ಟದ್ದು ಇದಕ್ಕೇ.

ಸಾಟಾಕ್ಕಿಂತ ಹಿಂದಿನ ಐಡಿಇ ಡಿಸ್ಕ್ ವ್ಯವಸ್ಥೆ ಬೇರೆ ದಾರಿ ಹಿಡಿಯಿತು. ಅಲ್ಲಿ ಹಂಚಿಕೆಯೇ ಇಲ್ಲ, ವಿಳಾಸ ಎಲ್ಲ ಯಂತ್ರಗಳಲ್ಲೂ ಒಂದೇ. ಮೊದಲ ಚಾನಲ್‌ಗೆ ಹೆಕ್ಸ್ 1ಎಫ್0ಯಿಂದ ಎಂಟು ಪೋರ್ಟ್ ಮತ್ತು ಇಂಟರಪ್ಟ್ (ಕಾರ್ಡ್ ಪ್ರೊಸೆಸರನ್ನು ಕರೆಯುವ ಸಂಕೇತ) 14. ಎರಡನೆಯದಕ್ಕೆ 170ರಿಂದ ಎಂಟು ಪೋರ್ಟ್ ಮತ್ತು ಇಂಟರಪ್ಟ್ 15. ಇವತ್ತಿಗೂ ಐಡಿಇ ಹೊಂದಾಣಿಕೆ ಮೋಡ್‌ನಲ್ಲಿರುವ ಕಂಟ್ರೋಲರ್ ಈ ಹಳೆಯ ಸಂಖ್ಯೆಗಳಲ್ಲೇ ಉತ್ತರ ಕೊಡುತ್ತದೆ.

## ಪಿಸಿಐ ಒಳಗೆ ನಡೆಯುವುದು

ಕಾರ್ಡಿಗೆ ಇನ್ನೂ ವಿಳಾಸವೇ ಸಿಕ್ಕಿಲ್ಲ. ಹಾಗಿದ್ರೆ ಅದು ಇದೆ ಅಂತ ಕಂಡುಹಿಡಿಯೋದು ಹೇಗೆ?

ಈ ಕೋಳಿ ಮೊದಲೋ ಮೊಟ್ಟೆ ಮೊದಲೋ ಸಮಸ್ಯೆಗೆ 1992ರಲ್ಲಿ ಬಂದ ಪಿಸಿಐ ಬಸ್ ಚೆಂದದ ಉತ್ತರ ಕೊಟ್ಟಿತು. ಪ್ರತಿ ಕಾರ್ಡಿಗೂ ಕಾನ್ಫಿಗರೇಶನ್ ಸ್ಪೇಸ್ ಎಂಬ ಬೇರೆಯೇ ಜಾಗವಿದೆ. ಅದನ್ನು ತಲುಪಲು ಹಂಚಿದ ವಿಳಾಸ ಬೇಡ, ಕಾರ್ಡ್ ಎಲ್ಲಿ ಜೋಡಿಸಲ್ಪಟ್ಟಿದೆ ಎಂಬುದು ಸಾಕು. ಬಸ್ ಸಂಖ್ಯೆಗೆ 8 ಬಿಟ್, ಡಿವೈಸ್‌ಗೆ 5, ಫಂಕ್ಷನ್‌ಗೆ 3. ಹಾಗಾಗಿ 256 ಬಸ್, ಪ್ರತಿ ಬಸ್‌ನಲ್ಲಿ 32 ಡಿವೈಸ್, ಪ್ರತಿ ಡಿವೈಸ್‌ನಲ್ಲಿ 8 ಫಂಕ್ಷನ್. ಹಳೆಯ ಇಂಟೆಲ್ ಚಿಪ್‌ಸೆಟ್‌ಗಳ ಸಾಟಾ ಕಂಟ್ರೋಲರ್ 00:1ಎಫ್.2 ಎಂದು ಕಾಣುವುದನ್ನು ನೀವು ನೋಡಿರಬಹುದು. ಸೊನ್ನೆಯ ಬಸ್, 31ನೇ ಡಿವೈಸ್, 2ನೇ ಫಂಕ್ಷನ್ ಎಂದು ಅದರ ಅರ್ಥ.

ಸಿಸ್ಟಂ ಈ ಜಾಗಗಳನ್ನು ಒಂದೊಂದಾಗಿ ಓದುತ್ತಾ ಹೋಗುತ್ತದೆ. ತಯಾರಕರ ಸಂಖ್ಯೆಯ ಜಾಗದಲ್ಲಿ ಎಲ್ಲಾ ಬಿಟ್‌ಗಳೂ 1 ಬಂದರೆ ಅಲ್ಲಿ ಯಾರೂ ಇಲ್ಲ. ಬೇರೆ ಸಂಖ್ಯೆ ಬಂದರೆ ಕಾರ್ಡ್ ಇದೆ. ಅದರ ಜೊತೆಗೇ ಕ್ಲಾಸ್ ಕೋಡ್ ಕೂಡ ಸಿಗುತ್ತದೆ. 01 ಅಂದರೆ ಸ್ಟೋರೇಜ್. ಅದರೊಳಗೆ ಉಪಸಂಖ್ಯೆ 01 ಇದ್ದರೆ ಐಡಿಇ, 04 ರೇಡ್ (ಹಲವು ಡಿಸ್ಕ್ ಒಂದಾಗಿಸುವುದು), 06 ಸಾಟಾ, 07 ಎಸ್‌ಎಎಸ್ (ಸ್ಕಸಿಯ ಹೊಸ ರೂಪ), 08 ಎನ್‌ವಿಎಂಇ. ಯಾವ ಡ್ರೈವರ್ ಕರೆಯಬೇಕೆಂದು ಸಿಸ್ಟಂ ತೀರ್ಮಾನಿಸುವುದು ಈ ಸಂಖ್ಯೆಗಳನ್ನು ನೋಡಿ.

ಪಿಸಿಐನಲ್ಲಿ ಈ ಜಾಗ 256 ಬೈಟ್ ಇತ್ತು. ಪಿಸಿಐ ಎಕ್ಸ್‌ಪ್ರೆಸ್ ಅದನ್ನು 4096ಕ್ಕೆ ಏರಿಸಿತು.

ಕಾರ್ಡಿಗೆ ಎಷ್ಟು ಜಾಗ ಬೇಕು ಅಂತ ಸಿಸ್ಟಂಗೆ ಹೇಗೆ ಗೊತ್ತಾಗುತ್ತೆ? ಎಲ್ಲಾದರೂ ಬರೆದಿರುತ್ತಾ?

ಬರೆದಿರುವುದಿಲ್ಲ! ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಕಾನ್ಫಿಗರೇಶನ್ ಸ್ಪೇಸ್‌ನಲ್ಲಿ ಬೇಸ್ ಅಡ್ರೆಸ್ ರಿಜಿಸ್ಟರ್ ಎಂಬ ಆರು ಖಾನೆಗಳಿವೆ, ಒಂದೊಂದೂ 32 ಬಿಟ್. ಚಿಕ್ಕದಾಗಿ ಬಾರ್ ಎನ್ನುತ್ತಾರೆ. ಕಾರ್ಡಿಗೆ ಕೊಟ್ಟ ವಿಳಾಸವನ್ನು ಬರೆಯುವ ಜಾಗ ಇದೇ. ಅಳತೆ ತಿಳಿಯಲು ಸಿಸ್ಟಂ ಹೀಗೆ ಮಾಡುತ್ತದೆ. ಕಾರ್ಡ್ ವಿಳಾಸಗಳಿಗೆ ಉತ್ತರಿಸುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಬಾರ್‌ಗೆ ಎಲ್ಲಾ ಬಿಟ್‌ಗಳಲ್ಲೂ 1 ಬರೆಯುತ್ತದೆ. ಕೂಡಲೇ ಅದನ್ನು ಓದುತ್ತದೆ. ಕಾರ್ಡ್ ತಾನು ಗಮನಿಸುವ ಮೇಲಿನ ಬಿಟ್‌ಗಳನ್ನು ಮಾತ್ರ ಬದಲಾಗಲು ಬಿಡುತ್ತದೆ, ಕೆಳಗಿನವು ಸೊನ್ನೆಯಾಗಿಯೇ ಉಳಿಯುತ್ತವೆ.

ಒಂದು ಎನ್‌ವಿಎಂಇ ಕಂಟ್ರೋಲರ್ ಕೆಳಗಿನ 14 ಬಿಟ್‌ಗಳನ್ನು ಸೊನ್ನೆಯಾಗಿ ಇಟ್ಟುಕೊಂಡಿತು ಎನ್ನೋಣ. 2ನ್ನು 14 ಸಲ ಗುಣಿಸಿದರೆ 16,384. ಅಂದರೆ ಅದಕ್ಕೆ 16 ಕೆಬಿ ಬೇಕು. ಕೊನೆಯ ನಾಲ್ಕು ಬಿಟ್‌ಗಳಲ್ಲಿ ಏನೇ ಬಂದರೂ ಈ ಲೆಕ್ಕದಲ್ಲಿ ಅವನ್ನು ಸೊನ್ನೆ ಎಂದೇ ಹಿಡಿಯಬೇಕು. ಇದು ಮೆಮೊರಿಯೋ ಪೋರ್ಟೋ, 32 ಬಿಟ್ ವಿಳಾಸವೋ 64 ಬಿಟ್ ವಿಳಾಸವೋ, ಮುಂಚಿತವಾಗಿ ಓದಿಟ್ಟುಕೊಳ್ಳಬಹುದೋ ಎನ್ನುವ ಸೂಚನೆಗಳು ಅಲ್ಲಿರುತ್ತವೆ.

ಈ ಉಪಾಯದಿಂದ ಎರಡು ನಿಯಮ ತಾನಾಗಿಯೇ ಹುಟ್ಟುತ್ತವೆ. ಅಳತೆ ಯಾವಾಗಲೂ 2ರ ಘಾತವಾಗಿರಬೇಕು. ವಿಳಾಸ ಆ ಅಳತೆಯಿಂದ ಭಾಗವಾಗಬೇಕು. 16 ಕೆಬಿ ಕೇಳಿದ ಕಾರ್ಡನ್ನು 16 ಕೆಬಿಯ ಗಡಿಯಲ್ಲೇ ಕೂರಿಸಬೇಕು, ನಡುವೆ ಎಲ್ಲೋ ಕೂರಿಸಲು ಬರುವುದಿಲ್ಲ.

ಆರು ಬಾರ್‌ಗಳಲ್ಲಿ ಸಾಟಾ ಯಾವುದು ಬಳಸುತ್ತೆ, ಎನ್‌ವಿಎಂಇ ಯಾವುದು?

ಎಎಚ್‌ಸಿಐ ಎಂಬ ರೂಢಿಯ ಮಾದರಿಯ ಸಾಟಾ ಕಂಟ್ರೋಲರ್ ತನ್ನ ರಿಜಿಸ್ಟರ್‌ಗಳನ್ನು 5ನೇ ಬಾರ್‌ನಲ್ಲಿ ಇಡುತ್ತದೆ. ಎಣಿಕೆ ಸೊನ್ನೆಯಿಂದ, ಹಾಗಾಗಿ ಅದೇ ಕೊನೆಯದು. ಮೊದಲಿನವನ್ನು ಹಳೆಯ ಐಡಿಇ ಪೋರ್ಟ್‌ಗಳಿಗೆ ಬಿಟ್ಟಿದ್ದಾರೆ. ಎನ್‌ವಿಎಂಇಗೆ ಆ ಹಳೆಯ ಹೊರೆ ಇಲ್ಲ. ಅದು 0 ಮತ್ತು 1ನ್ನು ಜೋಡಿಸಿ ಒಂದು 64 ಬಿಟ್ ವಿಳಾಸ ಮಾಡಿಕೊಳ್ಳುತ್ತದೆ. ಡ್ರೈವರ್ ಬರೆಯುವವರು ಇದನ್ನು ಮರೆತು ‘0ನೇ ಬಾರ್‌ನಲ್ಲಿ ಏನೂ ಇಲ್ಲ’ ಎಂದು ಸಾಟಾ ಕಾರ್ಡಿನ ಮೇಲೆ ಅನುಮಾನ ಪಡುವುದುಂಟು.

ಕಾರ್ಡಿಗೆ ವಿಳಾಸ ಕೊಟ್ಟರೆ ಸಾಕಾ? ನಡುವೆ ಬ್ರಿಡ್ಜ್ ಇದ್ದರೆ?

ಸಾಲದು. ಎರಡು ಬಸ್‌ಗಳನ್ನು ಜೋಡಿಸುವ ಬ್ರಿಡ್ಜ್ ತನ್ನ ಹಿಂದಿನ ಬಸ್‌ಗೆ ಹೋಗುವ ವಿಳಾಸಗಳಿಗೆ ಒಂದು ಕಿಟಕಿ ತೆರೆದಿಟ್ಟಿರುತ್ತದೆ. ಆ ಕಿಟಕಿಯೊಳಗಿನ ವಿಳಾಸ ಮಾತ್ರ ಕಾರ್ಡಿಗೆ ತಲುಪುತ್ತದೆ. ಮೆಮೊರಿ ಕಿಟಕಿಯ ಅತಿ ಚಿಕ್ಕ ಅಳತೆ 1 ಎಂಬಿ, ಪೋರ್ಟ್ ಕಿಟಕಿಯದು ಸಾಮಾನ್ಯವಾಗಿ 4 ಕೆಬಿ. ಹಿಂದೆ ಕೂತ ಕಾರ್ಡಿಗೆ ಬರೀ 16 ಕೆಬಿ ಸಾಕಾದರೂ ಬ್ರಿಡ್ಜ್ 1 ಎಂಬಿ ಹಿಡಿದಿಡಬೇಕು. ಬ್ರಿಡ್ಜ್ ಹಿಂದೆ ಬ್ರಿಡ್ಜ್ ಇದ್ದರೆ ಒಳಗಿನ ಕಿಟಕಿಗಳೆಲ್ಲ ಹೊರಗಿನ ಕಿಟಕಿಯೊಳಗೆ ಹಿಡಿಸಬೇಕು. ಹಂಚಿಕೆ ಸೋಲುವುದು ಹಲವು ಸಲ ಇಲ್ಲೇ. ಅದರಲ್ಲೂ ಯಂತ್ರ ಓಡುತ್ತಿರುವಾಗ ಹೊಸ ಕಾರ್ಡ್ ಸಿಕ್ಕಿಸಿದಾಗ ಕಿಟಕಿ ಮೊದಲೇ ದೊಡ್ಡದಾಗಿ ಇಟ್ಟಿರದಿದ್ದರೆ ಹೊಸಬನಿಗೆ ಜಾಗ ಸಿಗುವುದಿಲ್ಲ.

## ಡ್ರೈವರ್ ಕೈಗೆ ಬಂದ ಮೇಲೆ

ಲಿನಕ್ಸ್‌ನಲ್ಲಿ ಸ್ಟೋರೇಜ್ ಡ್ರೈವರ್ ಲೋಡ್ ಆದಾಗ ವಿಳಾಸದ ವಿಚಾರದಲ್ಲಿ ಏನೇನು ಮಾಡುತ್ತೆ?

ಡ್ರೈವರ್ ತಾನು ನೋಡಿಕೊಳ್ಳಬಲ್ಲ ಕಾರ್ಡುಗಳ ಪಟ್ಟಿ ಕೊಟ್ಟಿರುತ್ತದೆ. ಹೊಂದುವ ಕಾರ್ಡ್ ಸಿಕ್ಕರೆ ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಡ್ರೈವರ್‌ನ ಪ್ರೋಬ್ ಫಂಕ್ಷನ್ ಕರೆಯುತ್ತದೆ. ಅಷ್ಟು ಹೊತ್ತಿಗೆ ಬಾರ್‌ಗಳಲ್ಲಿ ವಿಳಾಸ ಬರೆದಾಗಿರುತ್ತದೆ.

ಡ್ರೈವರ್ ಮೊದಲು ಕಾರ್ಡನ್ನು ಎಬ್ಬಿಸುತ್ತದೆ. ಇದರಿಂದ ಕಮಾಂಡ್ ರಿಜಿಸ್ಟರ್‌ನಲ್ಲಿ ಪೋರ್ಟ್ ಮತ್ತು ಮೆಮೊರಿಗೆ ಉತ್ತರಿಸುವ ಬಿಟ್‌ಗಳು ಆನ್ ಆಗುತ್ತವೆ. ಆಮೇಲೆ ಆ ವಿಳಾಸಗಳ ಪಟ್ಟೆಯನ್ನು ತನ್ನ ಹೆಸರಿಗೆ ಕಾಯ್ದಿರಿಸುತ್ತದೆ. ಬೇರೆ ಡ್ರೈವರ್ ಆಗಲೇ ಹಿಡಿದಿದ್ದರೆ ‘ಬಿಜಿ’ ಎಂಬ ತಪ್ಪು ಬರುತ್ತದೆ ಮತ್ತು ಡ್ರೈವರ್ ಹಿಂದೆ ಸರಿಯಬೇಕು. ಈ ಹೆಜ್ಜೆಯನ್ನು ಬಿಟ್ಟರೂ ಕಾರ್ಡ್ ಓಡುತ್ತದೆ, ಅದಕ್ಕೇ ಹೊಸಬರು ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಎರಡು ಡ್ರೈವರ್ ಒಂದೇ ಡಿಸ್ಕ್ ಕಂಟ್ರೋಲರ್‌ಗೆ ಬರೆಯತೊಡಗಿದರೆ ಹಾಳಾಗುವುದು ಯಾರದೋ ಡೇಟಾ.

ಮೂರನೆಯದು ಮ್ಯಾಪಿಂಗ್. ಬಾರ್‌ನಲ್ಲಿರುವುದು ಭೌತಿಕ ವಿಳಾಸ, ಕರ್ನೆಲ್ ಕೋಡ್ ಓಡುವುದು ವರ್ಚುವಲ್ ವಿಳಾಸಗಳಲ್ಲಿ. ಐಒರಿಮ್ಯಾಪ್ ಎಂಬ ಕರೆ ಎರಡನ್ನೂ ಜೋಡಿಸಿ ಒಂದು ಪಾಯಿಂಟರ್ ಕೊಡುತ್ತದೆ, ಅದೂ ಕ್ಯಾಶ್ ಆಗದ ರೀತಿಯಲ್ಲಿ. ರಿಜಿಸ್ಟರ್ ಓದಿದಾಗ ಬರಬೇಕಾದ್ದು ಕಾರ್ಡಿನ ಈಗಿನ ಸ್ಥಿತಿ, ಕ್ಯಾಶ್‌ನಲ್ಲಿ ಉಳಿದ ಹಳೆಯದಲ್ಲ. ಅಲ್ಲಿಂದ ಮುಂದೆ ಡ್ರೈವರ್ ಆ ಪಾಯಿಂಟರ್‌ಗೆ ಆಫ್‌ಸೆಟ್ ಸೇರಿಸಿ ರಿಜಿಸ್ಟರ್‌ಗಳನ್ನು ಓದುತ್ತದೆ, ಬರೆಯುತ್ತದೆ. ಎನ್‌ವಿಎಂಇಯಲ್ಲಿ ಸಾಮರ್ಥ್ಯ ಹೇಳುವ ರಿಜಿಸ್ಟರ್ ಆಫ್‌ಸೆಟ್ ಸೊನ್ನೆಯಲ್ಲಿದೆ, ಹೊಸ ಕೆಲಸ ಬಂದಿದೆ ಎಂದು ಕಾರ್ಡಿಗೆ ತಿಳಿಸುವ ಡೋರ್‌ಬೆಲ್ ರಿಜಿಸ್ಟರ್‌ಗಳು 4096ರಿಂದ ಶುರು.

ವಿಂಡೋಸ್‌ನಲ್ಲೂ ಹೀಗೇನಾ?

ತತ್ವ ಅದೇ, ಮಾತುಕತೆಯ ಕ್ರಮ ಬೇರೆ. ಪಿಸಿಐ ಬಸ್ ಡ್ರೈವರ್ ಕಾರ್ಡಿನ ಬೇಡಿಕೆಗಳ ಪಟ್ಟಿಯನ್ನು ಪ್ಲಗ್ ಅಂಡ್ ಪ್ಲೇ ಮ್ಯಾನೇಜರ್‌ಗೆ ಕೊಡುತ್ತದೆ. ಆರ್ಬಿಟರ್ ಎಂಬ ಪಂಚಾಯ್ತಿದಾರರು ಎಲ್ಲರ ಬೇಡಿಕೆ ನೋಡಿ ಹಂಚುತ್ತಾರೆ. ಕೊನೆಗೆ ‘ಸ್ಟಾರ್ಟ್ ಡಿವೈಸ್’ ಎಂಬ ವಿನಂತಿಯ ಜೊತೆ ಸಿಕ್ಕ ವಿಳಾಸಗಳ ಪಟ್ಟಿ ಬರುತ್ತದೆ. ಸ್ಟೋರೇಜ್ ಡ್ರೈವರ್ ಬರೆಯುವವರಿಗೆ ಇದೂ ನೇರವಾಗಿ ಕಾಣುವುದಿಲ್ಲ. ನಡುವೆ ವಿಂಡೋಸ್ ಸರ್ವರ್ 2003ರಿಂದ ಬಂದ ಸ್ಟೋರ್‌ಪೋರ್ಟ್ ಎಂಬ ಮೈಕ್ರೋಸಾಫ್ಟ್ ಡ್ರೈವರ್ ಇದೆ. ಅದು ನಿಮ್ಮ ಮಿನಿಪೋರ್ಟ್‌ನ (ನೀವು ಬರೆಯುವ ಡ್ರೈವರ್ ಭಾಗದ) ‘ಫೈಂಡ್ ಅಡಾಪ್ಟರ್’ ಫಂಕ್ಷನ್ ಕರೆದು, ವಿಳಾಸದ ಪಟ್ಟೆಗಳನ್ನು ಕೈಗಿಡುತ್ತದೆ. ಹೆಸರು ‘ಹುಡುಕು’ ಎಂದಿದ್ದರೂ ಪ್ಲಗ್ ಅಂಡ್ ಪ್ಲೇ ಕಾರ್ಡಿನಲ್ಲಿ ಹುಡುಕುವ ಕೆಲಸವೇನೂ ಉಳಿದಿರುವುದಿಲ್ಲ. ಅದು ಬಾಗಿಲು ತಟ್ಟುತ್ತಿದ್ದ ಕಾಲದ ಹೆಸರು.

ಇನ್ನೊಂದು ವಿಶೇಷ ಇದೆ. ಹೊಸ ಕಾರ್ಡಿಗೆ ಜಾಗ ಬೇಕಾದಾಗ ವಿಂಡೋಸ್ ಓಡುತ್ತಿರುವ ಡಿವೈಸ್‌ಗಳನ್ನು ನಿಲ್ಲಿಸಿ, ಬೇರೆ ಕಡೆ ಕೂರಿಸಿ, ಮತ್ತೆ ಶುರು ಮಾಡಬಲ್ಲದು. ಆದರೆ ಪೇಜ್ ಫೈಲ್ (ಮೆಮೊರಿ ಸಾಲದಾಗ ಸಿಸ್ಟಂ ಬಳಸುವ ಫೈಲ್) ಇರುವ ಡಿಸ್ಕಿನ ಅಡಾಪ್ಟರ್ ಇದಕ್ಕೆ ಒಪ್ಪುವಂತಿಲ್ಲ. ಒಪ್ಪಿದರೆ ಸಿಸ್ಟಂ ನಿಂತ ನೆಲವೇ ಸರಿದ ಹಾಗಾಗುತ್ತದೆ.

ಡಿಎಂಎ ವಿಳಾಸ ಅಂದ್ರೆ ಬಾರ್ ವಿಳಾಸವೇನಾ?

ಅಲ್ಲ. ಬಾರ್ ಅಂದರೆ ಪ್ರೊಸೆಸರ್ ಕಾರ್ಡನ್ನು ತಲುಪುವ ವಿಳಾಸ. ಡಿಎಂಎ ಅಂದರೆ ಕಾರ್ಡ್ ಕಂಪ್ಯೂಟರಿನ ಮೆಮೊರಿಯನ್ನು ತಲುಪುವ ವಿಳಾಸ. ಇಲ್ಲಿ ಮಾತ್ರ ವಿಳಾಸ ಕೊಡುವವರು ನಿಜವಾಗಿ ಡ್ರೈವರ್.

ಡ್ರೈವರ್ ಮೆಮೊರಿಯಲ್ಲಿ ಕಮಾಂಡ್‌ಗಳ ಸಾಲಿಗೆ ಜಾಗ ತೆಗೆದಿಡುತ್ತದೆ. ಅದರ ವಿಳಾಸವನ್ನು ಅಡಾಪ್ಟರ್‌ನ ರಿಜಿಸ್ಟರ್‌ಗೆ ಬರೆದು ‘ಕೆಲಸ ಇಲ್ಲಿಂದ ತಗೋ’ ಎನ್ನುತ್ತದೆ. ಎಎಚ್‌ಸಿಐಯಲ್ಲಿ ಪ್ರತಿ ಪೋರ್ಟಿಗೂ 32 ಕಮಾಂಡ್‌ಗಳ ಪಟ್ಟಿ, ಒಂದೊಂದಕ್ಕೆ 32 ಬೈಟ್. ಒಟ್ಟು 1024 ಬೈಟ್, ಅದನ್ನು 1024ರ ಗಡಿಯಲ್ಲೇ ಇಡಬೇಕು. ಎನ್‌ವಿಎಂಇಯಲ್ಲಿ ಮೊದಲು ಅಡ್ಮಿನ್ ಕ್ಯೂ ವಿಳಾಸವನ್ನು ರಿಜಿಸ್ಟರ್‌ಗೆ ಬರೆಯುತ್ತಾರೆ. ಉಳಿದ ಕ್ಯೂಗಳ ವಿಳಾಸ ಆ ಅಡ್ಮಿನ್ ಕ್ಯೂ ಮೂಲಕವೇ ಹೋಗುತ್ತದೆ.

ಕಾರ್ಡ್ ಎಷ್ಟು ಬಿಟ್ ವಿಳಾಸ ಅರ್ಥ ಮಾಡಿಕೊಳ್ಳಬಲ್ಲದು ಎಂಬುದನ್ನು ಡ್ರೈವರ್ ಮೊದಲೇ ಹೇಳಬೇಕು. ಮೇಲೆ ಹೇಳಿದ 1542 ಕಾರ್ಡಿಗೆ 24 ಬಿಟ್ ಮಾತ್ರ ಗೊತ್ತಿತ್ತು, ಅಂದರೆ 16 ಎಂಬಿಯಿಂದ ಆಚೆ ಅದಕ್ಕೆ ಲೋಕವೇ ಇಲ್ಲ. ಇಂದಿಗೂ ಕೆಲವು ಎಎಚ್‌ಸಿಐ ಕಂಟ್ರೋಲರ್‌ಗಳು 32 ಬಿಟ್‌ಗೆ ನಿಲ್ಲುತ್ತವೆ. ಆಗ ಕರ್ನೆಲ್ 4 ಜಿಬಿ ಕೆಳಗಿನ ಒಂದು ಬಫರ್‌ಗೆ ಡೇಟಾ ನಕಲು ಮಾಡಿ ದಾಟಿಸುತ್ತದೆ. ಕೆಲಸ ನಡೆಯುತ್ತದೆ, ನಿಧಾನವಾಗಿ.

ಇಂಟೆಲ್ ವಿಟಿ-ಡಿ, ಎಎಂಡಿ-ವಿಐ ಥರದ ಐಒಎಂಎಂಯು (ಕಾರ್ಡ್ ಬಳಸುವ ವಿಳಾಸಗಳನ್ನು ಅನುವಾದಿಸುವ ಘಟಕ) ಇದ್ದರೆ ಇನ್ನೊಂದು ತೆರೆ ಸೇರಿಕೊಳ್ಳುತ್ತದೆ. ಕಾರ್ಡಿಗೆ ಕೊಡುವುದು ಭೌತಿಕ ವಿಳಾಸವೂ ಅಲ್ಲ, ಆ ಘಟಕ ಅನುವಾದಿಸುವ ಬೇರೆ ಸಂಖ್ಯೆ. ಅದಕ್ಕೇ ಡ್ರೈವರ್‌ನಲ್ಲಿ ಭೌತಿಕ ವಿಳಾಸವನ್ನು ಲೆಕ್ಕ ಹಾಕಿ ನೇರವಾಗಿ ಕಾರ್ಡಿಗೆ ಬರೆಯಬಾರದು. ಡಿಎಂಎ ಮ್ಯಾಪ್ ಮಾಡುವ ಕರೆ ಏನು ಹಿಂತಿರುಗಿಸುತ್ತದೋ ಅದನ್ನೇ ಬರೆಯಿರಿ. ‘ನನ್ನ ಯಂತ್ರದಲ್ಲಿ ಓಡುತ್ತೆ, ಅವರ ಯಂತ್ರದಲ್ಲಿ ಓಡಲ್ಲ’ ಎನ್ನುವ ದೂರುಗಳಲ್ಲಿ ಈ ತಪ್ಪನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಇಂಟರಪ್ಟ್‌ಗೂ ವಿಳಾಸ ಇರುತ್ತಾ?

ಈಗ ಇರುತ್ತದೆ. ಮೊದಲು ಇಂಟರಪ್ಟ್ ಎಂದರೆ ಒಂದು ತಂತಿ. ಎಂಎಸ್‌ಐ ಎಂಬ ವಿಧಾನ ಬಂದಮೇಲೆ ಕಾರ್ಡ್ ಒಂದು ನಿಗದಿತ ವಿಳಾಸಕ್ಕೆ ಒಂದು ಸಂಖ್ಯೆ ಬರೆಯುತ್ತದೆ, ಅದೇ ಇಂಟರಪ್ಟ್. ಎಂಎಸ್‌ಐನಲ್ಲಿ ಹೆಚ್ಚೆಂದರೆ 32, ಎಂಎಸ್‌ಐ-ಎಕ್ಸ್‌ನಲ್ಲಿ 2048. ಎನ್‌ವಿಎಂಇ ಡ್ರೈವರ್ ಪ್ರತಿ ಪ್ರೊಸೆಸರ್ ಕೋರ್‌ಗೂ ಒಂದು ಕ್ಯೂ, ಒಂದು ಇಂಟರಪ್ಟ್ ಇಡಲು ನೋಡುವುದು ಇದರಿಂದಲೇ ಸಾಧ್ಯವಾಯಿತು. ಎಂಎಸ್‌ಐ-ಎಕ್ಸ್ ಪಟ್ಟಿ ಕೂತಿರುವುದು ಕಾರ್ಡಿನ ಒಂದು ಬಾರ್ ಒಳಗೇ. ಆ ಬಾರ್‌ಗೆ ಜಾಗ ಸಿಗದಿದ್ದರೆ ಇವೂ ಇಲ್ಲ.

## ಡಿಸ್ಕಿನ ಹೆಸರು ಮತ್ತು ಸಂಖ್ಯೆ

ಹೊಸ ಕಾರ್ಡ್ ಹಾಕಿದ ಮೇಲೆ ಎಸ್‌ಡಿಎ ಇದ್ದದ್ದು ಎಸ್‌ಡಿಬಿ ಆಯ್ತು. ವಿಳಾಸ ಬದಲಾಯ್ತಾ?

ಎಸ್‌ಡಿಎ ವಿಳಾಸವೇ ಅಲ್ಲ. ಡಿಸ್ಕುಗಳು ಕಾಣಿಸಿಕೊಂಡ ಸರದಿಯಲ್ಲಿ ಲಿನಕ್ಸ್ ಕೊಟ್ಟ ಟೋಕನ್ ಅದು. ಡ್ರೈವರ್‌ಗಳು ಒಟ್ಟೊಟ್ಟಿಗೆ ಹುಡುಕುತ್ತವೆ, ಡಿಸ್ಕುಗಳು ಬೇರೆ ಬೇರೆ ವೇಗದಲ್ಲಿ ಎಚ್ಚರವಾಗುತ್ತವೆ. ಹಾಗಾಗಿ ಏನನ್ನೂ ಬದಲಿಸದಿದ್ದರೂ ಮುಂದಿನ ಬೂಟ್‌ನಲ್ಲಿ ಸರದಿ ಬದಲಾಗಬಹುದು.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಪರೀಕ್ಷೆಗೆ ಇಟ್ಟಿದ್ದ ಯಂತ್ರದಲ್ಲಿ ಎಸ್‌ಡಿಬಿಯನ್ನು ಪೂರ್ತಿ ಅಳಿಸಿ ಮತ್ತೆ ಫಾರ್ಮ್ಯಾಟ್ ಮಾಡುವ ಸ್ಕ್ರಿಪ್ಟ್ ಬರೆದಿದ್ದೆ. ಒಂದು ದಿನ ಇನ್ನೊಂದು ಅಡಾಪ್ಟರ್ ಸೇರಿಸಿ ಬೂಟ್ ಮಾಡಿದೆ. ಸ್ಕ್ರಿಪ್ಟ್ ಅಳಿಸಿದ್ದು ಅಳತೆಗಳ ದಾಖಲೆ ಇದ್ದ ಡಿಸ್ಕನ್ನು. ಎರಡು ವಾರದ ಕೆಲಸ ಹೋಯಿತು. ಅಂದಿನಿಂದ ಸ್ಕ್ರಿಪ್ಟ್ ಒಳಗೆ ಆ ಹೆಸರುಗಳನ್ನು ಬರೆದಿಲ್ಲ.

ಏನು ಬರೆಯಬೇಕು ಎಂದರೆ, ಫೈಲ್‌ಸಿಸ್ಟಂ ಬೇಕಾದರೆ ಯುಯುಐಡಿ, ಅಂದರೆ ಅದಕ್ಕೆ ಮಾತ್ರ ಇರುವ ಗುರುತಿನ ಸಂಖ್ಯೆ. ಇಂಥದ್ದೇ ಡಿಸ್ಕ್ ಬೇಕಾದರೆ ಬೈ-ಐಡಿ ಡೈರೆಕ್ಟರಿಯ ಹೆಸರು, ಅದರಲ್ಲಿ ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆ ಇರುತ್ತದೆ. ಇಂಥ ಸ್ಲಾಟ್‌ನಲ್ಲಿ ಯಾವ ಡಿಸ್ಕ್ ಇದ್ದರೂ ಸರಿ ಎನ್ನುವುದಾದರೆ ಬೈ-ಪಾತ್ ಡೈರೆಕ್ಟರಿಯ ಹೆಸರು. ಎನ್‌ವಿಎಂಇ ಡಿಸ್ಕುಗಳ 0, 1 ಎಂಬ ಸಂಖ್ಯೆಗಳೂ ಸರದಿಯವೇ, ಅವನ್ನೂ ನಂಬಬೇಡಿ.

ಲಾಗ್‌ನಲ್ಲಿ 2:0:0:0 ಅಂತ ಬರುತ್ತಲ್ಲ, ಅದು ಏನು?

ಹೋಸ್ಟ್, ಚಾನಲ್, ಟಾರ್ಗೆಟ್, ಲನ್ (ಟಾರ್ಗೆಟ್ ಒಳಗಿನ ಘಟಕದ ಸಂಖ್ಯೆ), ಇದೇ ಕ್ರಮ. ಹೋಸ್ಟ್ ಎಂಬುದು ಡ್ರೈವರ್ ನೋಂದಾಯಿಸಿದ ಸರದಿಯ ಎಣಿಕೆ ಮಾತ್ರ. ಸಾಟಾದಲ್ಲಿ ಪ್ರತಿ ಪೋರ್ಟೂ ಒಂದು ಹೋಸ್ಟ್ ಆಗುತ್ತದೆ. ಆರು ಪೋರ್ಟಿನ ಒಂದೇ ಕಂಟ್ರೋಲರ್ ಆರು ಹೋಸ್ಟ್‌ಗಳಾಗಿ ಕಾಣುವುದು ಅದಕ್ಕೇ. ಹಳೆಯ ಸ್ಕಸಿಯಲ್ಲಿ ಟಾರ್ಗೆಟ್ ಸಂಖ್ಯೆಯನ್ನು ಡಿಸ್ಕಿನ ಜಂಪರ್ ತೀರ್ಮಾನಿಸುತ್ತಿತ್ತು. 0ಯಿಂದ 7ರವರೆಗೆ ಎಂಟು ಸಂಖ್ಯೆ, ಅದರಲ್ಲಿ 7 ರೂಢಿಯಂತೆ ಅಡಾಪ್ಟರ್‌ನದು. ಬಸ್ಸಿಗಾಗಿ ಪೈಪೋಟಿ ನಡೆದರೆ 7ಕ್ಕೇ ಮೊದಲ ಹಕ್ಕು.

ಎಸ್‌ಎಎಸ್ ಕಾರ್ಡಿನ ಉದ್ದದ ಸಂಖ್ಯೆ ಯಾರು ಕೊಟ್ಟದ್ದು? ಅದೂ ಬದಲಾಗುತ್ತಾ?

ಅದು 64 ಬಿಟ್‌ನ ವರ್ಲ್ಡ್ ವೈಡ್ ನೇಮ್. ಐಇಇಇ ಸಂಸ್ಥೆ ಪ್ರತಿ ತಯಾರಕರಿಗೂ ಒಂದು ಸಂಖ್ಯೆ ಕೊಡುತ್ತದೆ, ತಯಾರಕರು ಅದರ ಮುಂದೆ ತಮ್ಮ ಎಣಿಕೆ ಸೇರಿಸಿ ಕಾರ್ಖಾನೆಯಲ್ಲೇ ಕಾರ್ಡಿನೊಳಗೆ ಬರೆಯುತ್ತಾರೆ. ಸ್ಲಾಟ್ ಬದಲಿಸಿದರೂ ಯಂತ್ರ ಬದಲಿಸಿದರೂ ಅದು ಹಾಗೇ ಇರುತ್ತದೆ. ಫೈಬರ್ ಚಾನಲ್ ಎಂಬ ಸ್ಟೋರೇಜ್ ನೆಟ್‌ವರ್ಕ್‌ನಲ್ಲಿ ಇದರ ಜೊತೆಗೆ 24 ಬಿಟ್‌ನ ಇನ್ನೊಂದು ವಿಳಾಸವಿದೆ. ಅದನ್ನು ಲಾಗಿನ್ ಆದಾಗ ಸ್ವಿಚ್ ಕೊಡುತ್ತದೆ, ಅದು ಬದಲಾಗಬಹುದು.

## ಕೈಕೊಟ್ಟಾಗ

ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 12 ಬರ್ತಿದೆ. ಡ್ರೈವರ್ ಮತ್ತೆ ಇನ್‌ಸ್ಟಾಲ್ ಮಾಡಿದ್ರೂ ಹೋಗ್ತಿಲ್ಲ, ಏನು ಮಾಡಲಿ?

ಡ್ರೈವರ್ ಬದಲಿಸಿ ಪ್ರಯೋಜನ ಇಲ್ಲ. ಕೋಡ್ 12 ಅಂದರೆ ಕಾರ್ಡಿಗೆ ಬೇಕಾದಷ್ಟು ಖಾಲಿ ಜಾಗ ಸಿಗಲಿಲ್ಲ ಎಂದರ್ಥ. ಲಿನಕ್ಸ್‌ನಲ್ಲಿ ಇದೇ ತೊಂದರೆ ‘ಬಾರ್‌ಗೆ ಜಾಗವಿಲ್ಲ’ ಎಂಬ ಅರ್ಥದ ಸಾಲಾಗಿ ಕರ್ನೆಲ್ ಲಾಗ್‌ನಲ್ಲಿ ಬರುತ್ತದೆ.

32 ಬಿಟ್ ವಿಳಾಸಗಳು 4 ಜಿಬಿಗೆ ಮುಗಿಯುತ್ತವೆ. ಅದರ ಕೆಳಗೆ ಕಾರ್ಡುಗಳಿಗೆಂದು ಬಿಟ್ಟ ಜಾಗ ಚಿಕ್ಕದು. ದೊಡ್ಡ ಗ್ರಾಫಿಕ್ಸ್ ಕಾರ್ಡುಗಳು ಅದನ್ನು ತುಂಬಿಬಿಟ್ಟರೆ ಪಾಪ ಡಿಸ್ಕ್ ಅಡಾಪ್ಟರ್‌ಗೆ 16 ಕೆಬಿ ಕೂಡ ಉಳಿಯುವುದಿಲ್ಲ. ಯುಇಎಫ್‌ಐ ಸೆಟಪ್‌ಗೆ ಹೋಗಿ ‘ಅಬೌವ್ 4ಜಿ ಡಿಕೋಡಿಂಗ್’ ಆನ್ ಮಾಡಿ. 64 ಬಿಟ್ ಬಾರ್‌ಗಳು ಮೇಲಕ್ಕೆ ಹೋಗಿ ಕೆಳಗೆ ಜಾಗ ತೆರವಾಗುತ್ತದೆ. ಲಿನಕ್ಸ್‌ನಲ್ಲಿ ಪಿಸಿಐ ರಿಅಲಾಕ್ ಎಂಬ ಬೂಟ್ ಆಯ್ಕೆ ಕೊಟ್ಟರೆ ಬ್ರಿಡ್ಜ್ ಕಿಟಕಿಗಳನ್ನು ಕರ್ನೆಲ್ ಹೊಸದಾಗಿ ಹಂಚಲು ಪ್ರಯತ್ನಿಸುತ್ತದೆ. ಅದೂ ಆಗದಿದ್ದರೆ ಕಾರ್ಡನ್ನು ಬೇರೆ ಸ್ಲಾಟ್‌ಗೆ ಹಾಕಿ ನೋಡಿ. ಸ್ಲಾಟ್ ಬದಲಾದರೆ ಬ್ರಿಡ್ಜ್ ಬದಲಾಗುತ್ತದೆ, ಬ್ರಿಡ್ಜ್ ಬದಲಾದರೆ ಕಿಟಕಿಯೂ.

ನನ್ನ ಡ್ರೈವರ್ ಯಾವ ರಿಜಿಸ್ಟರ್ ಓದಿದರೂ ಎಲ್ಲಾ ಎಫ್ ಬರ್ತಿದೆ. ವಿಳಾಸ ತಪ್ಪಾ?

ಇರಬಹುದು, ಆದರೆ ಮೊದಲು ಬೇರೆ ಕಾರಣ ನೋಡಿ. ಓದಿದ್ದಕ್ಕೆ ಯಾರೂ ಉತ್ತರಿಸದಿದ್ದರೆ ಎಲ್ಲಾ ಬಿಟ್‌ಗಳೂ 1 ಬರುತ್ತವೆ, ಹೆಕ್ಸ್‌ನಲ್ಲಿ ಅದೇ ಎಲ್ಲಾ ಎಫ್. ಕಾನ್ಫಿಗರೇಶನ್ ಸ್ಪೇಸ್ ಸರಿಯಾಗಿ ಓದಿಸಿಕೊಂಡು ಬಾರ್ ಮಾತ್ರ ಹೀಗಾದರೆ, ಕಮಾಂಡ್ ರಿಜಿಸ್ಟರ್‌ನ ಮೆಮೊರಿ ಬಿಟ್ ಆನ್ ಆಗಿಲ್ಲ ಅಥವಾ ಬ್ರಿಡ್ಜ್ ಕಿಟಕಿಯ ಹೊರಗೆ ವಿಳಾಸ ಬಿದ್ದಿದೆ. ಕಾನ್ಫಿಗರೇಶನ್ ಸ್ಪೇಸ್ ಕೂಡ ಎಲ್ಲಾ ಎಫ್ ಆದರೆ ಕಾರ್ಡಿನ ವಿದ್ಯುತ್ ಹೋಗಿದೆ ಅಥವಾ ಲಿಂಕ್ ಕಡಿದಿದೆ.

ಬಾರ್‌ಗೆ ನಾನೇ ಕೈಯಾರೆ ಬೇರೆ ವಿಳಾಸ ಬರೆದರೆ ಆಗಲ್ವಾ?

ಬರೆಯಲು ಆಗುತ್ತದೆ, ಸೆಟ್‌ಪಿಸಿಐ ಎಂಬ ಸಾಧನವೇ ಇದೆ. ಡಿಸ್ಕ್ ಬಳಕೆಯಲ್ಲಿರುವಾಗ ಖಂಡಿತ ಬೇಡ. ಡ್ರೈವರ್ ಹಳೆಯ ವಿಳಾಸಕ್ಕೇ ಬರೆಯುತ್ತಿರುತ್ತದೆ, ಕಾರ್ಡ್ ಹೊಸ ಜಾಗದಲ್ಲಿ ಕಾಯುತ್ತಿರುತ್ತದೆ. ಜಾಗ ಬದಲಿಸಲೇಬೇಕಿದ್ದರೆ ಡಿಸ್ಕುಗಳನ್ನು ಅನ್‌ಮೌಂಟ್ ಮಾಡಿ, ಡಿವೈಸ್ ತೆಗೆದು, ಬಸ್ಸನ್ನು ರೀಸ್ಕ್ಯಾನ್ ಮಾಡಿಸಿ. ಹಂಚುವ ಕೆಲಸ ಕರ್ನೆಲ್‌ನದೇ ಆಗಿರಲಿ.

ಬಯೋಸ್‌ನಲ್ಲಿ ಎಸ್‌ಎಸ್‌ಡಿ ಕಾಣುತ್ತೆ, ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಕಾಣಲ್ಲ. ಯಾಕೆ?

ಇಂಟೆಲ್ ಯಂತ್ರವಾದರೆ ಮೊದಲು ವಿಎಂಡಿ (ಎನ್‌ವಿಎಂಇ ಡಿಸ್ಕುಗಳನ್ನು ತನ್ನ ಹಿಂದೆ ಸೇರಿಸಿಕೊಳ್ಳುವ ಇಂಟೆಲ್ ಸೌಲಭ್ಯ) ಆನ್ ಇದೆಯಾ ನೋಡಿ. 11ನೇ ತಲೆಮಾರಿನ ಪ್ರೊಸೆಸರ್‌ಗಳಿಂದ ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಆನ್ ಆಗಿಯೇ ಬರುತ್ತದೆ. ಆಗ ಎನ್‌ವಿಎಂಇ ಕಂಟ್ರೋಲರ್ ಸಾಮಾನ್ಯ ಪಿಸಿಐ ಬಸ್‌ನಲ್ಲಿ ಕಾಣುವುದಿಲ್ಲ, ವಿಎಂಡಿ ಹಿಂದಿನ ಪ್ರತ್ಯೇಕ ಡೊಮೇನ್‌ನಲ್ಲಿ ಅಡಗಿರುತ್ತದೆ. ಅದರ ವಿಳಾಸಗಳೂ ವಿಎಂಡಿಯ ಬಾರ್ ಒಳಗಿನಿಂದಲೇ ಹಂಚಿಕೆಯಾಗುತ್ತವೆ. ವಿಎಂಡಿ ಡ್ರೈವರನ್ನು ಪೆನ್ ಡ್ರೈವ್‌ನಿಂದ ಇನ್‌ಸ್ಟಾಲರ್‌ಗೆ ಕೊಡಿ, ಡಿಸ್ಕ್ ಕಾಣುತ್ತದೆ. ಆಗಲೇ ವಿಂಡೋಸ್ ಇರುವ ಯಂತ್ರದಲ್ಲಿ ಸುಮ್ನೆ ಆಫ್ ಮಾಡಬೇಡಿ, ಬೂಟ್ ಆಗದೇ ಹೋಗಬಹುದು.

ವರ್ಚುವಲ್ ಮೆಷಿನ್‌ಗೆ ಇಡೀ ಅಡಾಪ್ಟರನ್ನೇ ಕೊಟ್ಟಿದ್ದೀನಿ. ಒಳಗಿನ ಬಾರ್ ವಿಳಾಸವೂ ಹೊರಗಿನದೂ ಬೇರೆ ತೋರಿಸ್ತಿದೆ, ಏನೋ ತಪ್ಪಾಗಿದೆಯಾ?

ತಪ್ಪಾಗಿಲ್ಲ, ಹಾಗೇ ಇರಬೇಕು. ಒಳಗಿನ ಸಿಸ್ಟಂ ಕೂಡ ಬಾರ್‌ಗೆ ಎಲ್ಲಾ 1 ಬರೆದು ಅಳತೆ ನೋಡುತ್ತದೆ, ತನ್ನ ನಕ್ಷೆಯಂತೆ ವಿಳಾಸ ಬರೆಯುತ್ತದೆ. ಆ ಬರಹ ನಿಜವಾದ ಕಾರ್ಡಿಗೆ ಹೋಗುವುದಿಲ್ಲ. ನಡುವೆ ವರ್ಚುವಲ್ ಮೆಷಿನ್ ನಡೆಸುವ ಹೈಪರ್‌ವೈಸರ್ ಹಿಡಿದು, ಕಾರ್ಡಿನ ಪರವಾಗಿ ತಾನೇ ಉತ್ತರಿಸುತ್ತದೆ. ಆಮೇಲೆ ಒಳಗಿನ ವಿಳಾಸವನ್ನು ಹೊರಗಿನ ನಿಜವಾದ ಬಾರ್‌ಗೆ ಪ್ರೊಸೆಸರ್‌ನ ಎರಡನೇ ಹಂತದ ಪೇಜ್ ಟೇಬಲ್‌ನಲ್ಲಿ ಜೋಡಿಸುತ್ತದೆ. ಕಾರ್ಡ್ ಮಾಡುವ ಡಿಎಂಎಗೆ ಇದೇ ಜೋಡಣೆಯನ್ನು ಐಒಎಂಎಂಯು ಮಾಡುತ್ತದೆ. ಹಾಗಾಗಿ ಲಾಗ್‌ಗಳನ್ನು ಹೋಲಿಸುವಾಗ ಒಳಗಿನ ಸಂಖ್ಯೆಯನ್ನು ಒಳಗಿನದರ ಜೊತೆಗೇ ಹೋಲಿಸಿ.

ಎಆರ್‌ಎಂ ಬೋರ್ಡಿನಲ್ಲಿ ಪಿಸಿಐ ಇಲ್ಲ, ಆದರೂ ಸಾಟಾ ಇದೆ. ಅಲ್ಲಿ ಹಂಚೋದು ಯಾರು?

ಚಿಪ್ ವಿನ್ಯಾಸ ಮಾಡಿದವರು. ಕಂಟ್ರೋಲರ್ ಚಿಪ್ ಒಳಗೇ ಇರುವುದರಿಂದ ಅದರ ವಿಳಾಸ ಸಿಲಿಕಾನ್‌ನಲ್ಲೇ ಕಾಯಂ ಆಗಿರುತ್ತದೆ, ಅದನ್ನು ಕೇಳಿ ತಿಳಿಯಲು ದಾರಿಯೂ ಇಲ್ಲ. ಅದಕ್ಕೆ ಡಿವೈಸ್ ಟ್ರೀ ಎಂಬ ವಿವರಣೆಯನ್ನು ಬೂಟ್ ಆಗುವಾಗ ಕರ್ನೆಲ್‌ಗೆ ಕೊಡುತ್ತಾರೆ. ಅದರಲ್ಲಿ ಆ ಕಂಟ್ರೋಲರ್‌ನ ರೆಗ್ ಎಂಬ ಸಾಲಿನಲ್ಲಿ ಶುರುವಿನ ವಿಳಾಸ ಮತ್ತು ಅಳತೆ ಇರುತ್ತದೆ. ಡ್ರೈವರ್ ಅದನ್ನು ಓದಿ, ಕಾಯ್ದಿರಿಸಿ, ಮ್ಯಾಪ್ ಮಾಡಿಕೊಳ್ಳುತ್ತದೆ. ಆ ಸಾಲಿನಲ್ಲಿ ಒಂದು ಅಂಕಿ ತಪ್ಪಿದ್ದರೆ ಡ್ರೈವರ್ ನಂಬಿಕೊಂಡು ಬೇರೆ ಯಾವುದೋ ಘಟಕದ ರಿಜಿಸ್ಟರ್‌ಗೆ ಬರೆಯುತ್ತದೆ. ಹೊಸ ಬೋರ್ಡ್ ತರುವವರು ಡ್ರೈವರ್ ಕೋಡ್ ತೆರೆಯುವ ಮೊದಲು ಚಿಪ್‌ನ ಕೈಪಿಡಿ ಪಕ್ಕದಲ್ಲಿಟ್ಟುಕೊಂಡು ಆ ಸಾಲನ್ನು ಎರಡು ಸಲ ಓದಿ.